ತಲೆಕೆಳಗಾದ ನೇಗಿಲು

ಹದಿನೇಳನೆಯ ಶತಮಾನದ ಕೊನೆಯ ಮೈಸೂರಿನ ಬಗ್ಗೆ ಓದಲು ಹೊರಟವರು ಒಂದಲ್ಲ ಒಂದು ದಿನ ನಂಜನಗೂಡಿನ ಗುಂಡಿಯ ಮುಂದೆ ಬಂದು ನಿಲ್ಲುತ್ತಾರೆ. ಮಾರ್ಕ್ ವಿಲ್ಕ್ಸ್ 1810ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಮೈಸೂರು ಚರಿತ್ರೆಯ ಮೊದಲ ಸಂಪುಟದಲ್ಲಿ ಆ ಕತೆ ಬರುತ್ತದೆ. ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704) ಬೆಳೆಯಲ್ಲಿ ಅರಮನೆಗೆ ಸಲ್ಲುವ ಆರನೆಯ ಒಂದು ಪಾಲನ್ನು ಹೆಸರಿಗೆ ಹಾಗೆಯೇ ಉಳಿಸಿಕೊಂಡು, ಅದರ ಸುತ್ತ ಮನೆಯ ಮೇಲೆ, ಹುಲ್ಲಿನ ಮೇಲೆ ಎಂದು ಸಣ್ಣಪುಟ್ಟ ತೆರಿಗೆಗಳನ್ನು ಹೆಣೆಯುತ್ತಾರೆ. ರೈತರು ಉಳುವುದನ್ನು ನಿಲ್ಲಿಸುತ್ತಾರೆ. ಜಂಗಮರು ಅವರ ಬೆನ್ನಿಗಿದ್ದಾರೆಂದು ಅರಮನೆ ನಂಬುತ್ತದೆ. ಮಾತುಕತೆಯ ನೆಪದಲ್ಲಿ ಜಂಗಮರನ್ನೆಲ್ಲ ನಂಜನಗೂಡಿನ ದೇವಾಲಯಕ್ಕೆ ಕರೆಸಲಾಗುತ್ತದೆ. ಮೋಸದ ಅನುಮಾನವಿದ್ದುದರಿಂದ ಬಂದವರು ಸುಮಾರು 400 ಮಂದಿ ಮಾತ್ರ. ಒಬ್ಬೊಬ್ಬರಾಗಿ ದೊರೆಗೆ ನಮಸ್ಕರಿಸಿ, ಊಟ ಸಿಗುತ್ತದೆಂದು ಡೇರೆಯ ಮರೆಗೆ ಹೋದವರ ತಲೆ ಕಡಿದು ಗುಂಡಿಗೆ ತಳ್ಳಲಾಯಿತು. ಅದೇ ದಿನ ರಾಜ್ಯದಲ್ಲಿ 700ಕ್ಕೂ ಹೆಚ್ಚು ಮಠಗಳನ್ನು ನಾಶಮಾಡಲಾಯಿತು. ಇದು ವಿಲ್ಕ್ಸ್ ಕೊಡುವ ಕತೆ.

ಈ ಕತೆಯ ಸುತ್ತ ನಡೆದಿರುವ ಚರ್ಚೆ ಬಹುಮಟ್ಟಿಗೆ ಗುಂಡಿಯ ಸುತ್ತಲೇ ನಡೆದಿದೆ. ಹೀಗೆ ನಡೆಯಿತೆ, ಇಲ್ಲವೆ? ಸತ್ತವರೆಷ್ಟು? ದೊರೆಯ ತಲೆಯಲ್ಲಿ ಈ ಯೋಚನೆ ತುಂಬಿದವರು ಯಾರು? ಸಿ. ಹಯವದನರಾಯರು ತಮ್ಮ ಮೈಸೂರು ಇತಿಹಾಸದಲ್ಲಿ ಈ ಕತೆಯನ್ನು ಸಂಶಯದಿಂದಲೇ ನೋಡಿದರು. ವಿಲ್ಕ್ಸ್ ಹೇಳಿದ್ದು ಘಟನೆ ನಡೆಯಿತೆನ್ನುವ ಕಾಲದಿಂದ ಸುಮಾರು 120 ವರ್ಷಗಳ ನಂತರ, ಜನ ಹೇಳಿದ್ದನ್ನು ಕೇಳಿಕೊಂಡು. ಹಾಗಾಗಿ ಆ ಸಂಶಯಕ್ಕೆ ಕಾರಣವಿದೆ. ಇನ್ನೊಂದು ಕಡೆ ಈ ಕತೆಯನ್ನು ಒಂದು ಸಮುದಾಯದ ಗಾಯವೆಂದು ನೆನಪಿಟ್ಟುಕೊಂಡವರಿದ್ದಾರೆ. ನೆನಪಿಗೆ ಕಾಗದದ ಆಧಾರ ಸಾಲದು ಎಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ ಎಂಬ ಅವರ ಮಾತಿಗೂ ತೂಕವಿದೆ. ಈ ಲೇಖನದಲ್ಲಿ ಇವರಿಬ್ಬರ ನಡುವೆ ತೀರ್ಪು ಹೇಳುವುದು ನನ್ನ ಉದ್ದೇಶವಲ್ಲ. ಗುಂಡಿಯನ್ನೇ ನೋಡುತ್ತ ನಿಂತ ನಾವು ಅದೇ ಪುಟಗಳಲ್ಲಿರುವ ಇನ್ನೊಂದು ವಸ್ತುವನ್ನು ಓದದೆ ಬಿಟ್ಟಿದ್ದೇವೆ ಎಂಬುದು ನನ್ನ ವಾದ. ಆ ವಸ್ತು ನೇಗಿಲು.

ಉಳುವುದನ್ನು ನಿಲ್ಲಿಸಿದ ರೈತರು ಏನು ಮಾಡಿದರೆಂದು ವಿಲ್ಕ್ಸ್ ಹೇಳುತ್ತಾನೆ. ಊರ ಬಾಗಿಲಿನ ದೊಡ್ಡ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿದರು. ಒಂದೆರಡು ಊರಲ್ಲಲ್ಲ, ಹೆಚ್ಚುಕಡಿಮೆ ರಾಜ್ಯದ ಎಲ್ಲ ಕಡೆ. ಆ ಮರದ ನೆರಳು ಊರವರ ಪಾಲಿಗೆ ಏನೆಂಬುದನ್ನು ತನ್ನ ಓದುಗರಿಗೆ ತಿಳಿಸಲು ಅವನು ಲಂಡನ್ನಿನ ಕಾಫಿ ಮನೆಯ ಹೋಲಿಕೆ ಕೊಡುತ್ತಾನೆ. ಅಷ್ಟು ಹೇಳಿ ಕತೆಯನ್ನು ಮುಂದಕ್ಕೆ, ಗುಂಡಿಯ ಕಡೆಗೆ ಓಡಿಸುತ್ತಾನೆ. ನಾವೂ ಅವನ ಹಿಂದೆ ಓಡಿದ್ದೇವೆ.

ಈ ಒಂದು ವಿವರದ ಬಳಿ ನಿಲ್ಲುವುದು ಏಕೆ ಮುಖ್ಯ ಎನ್ನುವುದಕ್ಕೆ ಯೂರೋಪಿನ ಕಡೆಗೆ ಸ್ವಲ್ಪ ನೋಡಬೇಕು. ಹದಿನೈದರಿಂದ ಹದಿನೆಂಟನೆಯ ಶತಮಾನದವರೆಗಿನ ಕಾಲವನ್ನು ಅಲ್ಲಿಯ ಚರಿತ್ರೆಕಾರರು ಆದಿ-ಆಧುನಿಕ ಕಾಲ ಎನ್ನುತ್ತಾರೆ. ಆ ಕಾಲದ ಸಾಮಾನ್ಯರ ಬದುಕು ಮತ್ತು ನಂಬಿಕೆಗಳ ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ಬಂದ ಒಳ್ಳೆಯ ಪುಸ್ತಕಗಳು ಸಣ್ಣ ವಿವರಗಳಿಂದಲೇ ಹುಟ್ಟಿವೆ. ಕಾರ್ಲೊ ಗಿನ್ಜ್‌ಬರ್ಗ್ 1976ರಲ್ಲಿ ಇಟಲಿಯ ಉತ್ತರದ ಒಬ್ಬ ಗಿರಣಿಯವನ ಬಗ್ಗೆ ಬರೆದ. ಮೆನೊಕ್ಕಿಯೊ ಎಂಬ ಆ ಮನುಷ್ಯ, ಹಾಲಿನಿಂದ ಚೀಸ್ ಗಟ್ಟಿಯಾಗಿ ಅದರಲ್ಲಿ ಹುಳುಗಳು ಹುಟ್ಟಿದಂತೆ ಈ ಜಗತ್ತೂ ದೇವದೂತರೂ ಹುಟ್ಟಿದರು ಎಂದು ನಂಬಿದ್ದ. ಅವನನ್ನು ಎರಡು ಬಾರಿ ವಿಚಾರಣೆ ಮಾಡಿ ಕೊನೆಗೆ ಕೊಂದರು. ನಟಾಲಿ ಜೀಮನ್ ಡೇವಿಸ್ 1983ರಲ್ಲಿ ಫ್ರಾನ್ಸಿನ ಆರ್ತಿಗಾ ಎಂಬ ಹಳ್ಳಿಯ ಮಾರ್ತೆನ್ ಗೇರ್ ಪ್ರಕರಣವನ್ನು ಬರೆದಳು. ಗಂಡನೆಂದು ಹೇಳಿಕೊಂಡು ಬಂದ ಬೇರೊಬ್ಬ, ಅವನ ಜೊತೆ ಸಂಸಾರ ಮಾಡಿದ ಹೆಂಡತಿ, 1560ರ ನ್ಯಾಯಾಲಯ. ಈ ಇಬ್ಬರಿಗೂ ಸಿಕ್ಕಿದ್ದು ವಿಚಾರಣೆ ನಡೆಸಿದವರು ಬಿಟ್ಟುಹೋದ ಬರಹ. ಗಿರಣಿಯವನು ಸ್ವಂತವಾಗಿ ಪುಸ್ತಕ ಬರೆದವನಲ್ಲ; ಅಧಿಕಾರ ಅವನನ್ನು ಕೂರಿಸಿ ಪ್ರಶ್ನೆ ಕೇಳಿದ್ದರಿಂದಲೇ ಅವನ ಮಾತು ನಮ್ಮವರೆಗೆ ಬಂತು. ಹಾಗಾಗಿ ಈ ಚರಿತ್ರೆಕಾರರು ಒಂದು ಓದಿನ ಶಿಸ್ತನ್ನು ಕಲಿತರು. ದಾಖಲೆ ಬರೆದವನ ಪ್ರಶ್ನೆ ಯಾವುದು ಎಂದು ಮೊದಲು ಪತ್ತೆಮಾಡು. ಆ ಪ್ರಶ್ನೆಗೆ ಉತ್ತರವಾಗದೆ ಉಳಿದ, ಬರೆದವನಿಗೇ ಬೇಕಿಲ್ಲದ ವಿವರ ಯಾವುದೋ ನೋಡು. ಸಾಮಾನ್ಯನ ದನಿ ಅಲ್ಲಿರಬಹುದು.

ನಂಜನಗೂಡಿನ ಕತೆಗೆ ಅಂಥ ವಿಚಾರಣೆಯ ಕಡತವಿಲ್ಲ. ನಮಗೆ ಇರುವುದು ವಿಲ್ಕ್ಸ್. ಆದ್ದರಿಂದ ವಿಲ್ಕ್ಸನ ಪ್ರಶ್ನೆ ಯಾವುದೆಂದು ಕೇಳೋಣ. ಅವನು ಮದರಾಸು ಸೇನೆಯ ಅಧಿಕಾರಿ. ಟಿಪ್ಪು ಬಿದ್ದ ಮೇಲೆ ಕೆಲವು ವರ್ಷ ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದವನು. ನೆಲ ಯಾರದು ಎಂಬುದು ಆ ಹೊತ್ತಿನ ಕಂಪನಿ ಅಧಿಕಾರಿಗಳ ದೊಡ್ಡ ಜಗಳ. ಜಮೀನ್ದಾರನದೊ, ದೊರೆಯದೊ, ಉಳುವವನದೊ? ವಿಲ್ಕ್ಸ್ ತನ್ನ ಪುಸ್ತಕದ ಒಂದು ಇಡೀ ಅಧ್ಯಾಯವನ್ನು ಈ ಜಗಳಕ್ಕೆ ಮೀಸಲಿಟ್ಟು, ಈ ದೇಶದಲ್ಲಿ ಹಿಂದಿನಿಂದಲೂ ಖಾಸಗಿ ಭೂಮಿಯ ಒಡೆತನ ಇತ್ತೆಂದು ವಾದಿಸಿದ. ನಂಜನಗೂಡಿನ ಕತೆಗೆ ಅವನು ಕೊಡುವ ಮುಕ್ತಾಯವೂ ಈ ವಾದಕ್ಕೆ ಹೊಂದಿಕೊಳ್ಳುತ್ತದೆ. ಹತ್ಯೆಯ ನಂತರ ಪ್ರತಿ ಹಳ್ಳಿಯಿಂದಲೂ, ನೆಲದ ಮೇಲಿನ ಹಕ್ಕನ್ನು ನಾವಾಗಿಯೇ ಬಿಟ್ಟುಕೊಟ್ಟಿದ್ದೇವೆಂದು ಬರೆಸಿಕೊಳ್ಳಲಾಯಿತು ಎನ್ನುತ್ತಾನೆ. ಅಂಥ ಪತ್ರಗಳನ್ನು ಅವನು ನಮಗೆ ತೋರಿಸುವುದಿಲ್ಲ. ಗುಂಡಿ ಮತ್ತು ಪತ್ರ, ಇವೆರಡೂ ಅವನ ವಾದಕ್ಕೆ ಬೇಕಾದವು. ಹಕ್ಕು ಇತ್ತು, ಅದನ್ನು ರಕ್ತ ಹರಿಸಿ ಕಿತ್ತುಕೊಳ್ಳಲಾಯಿತು ಎಂದಾದರೆ ಅವನ ಪ್ರಬಂಧ ಪೂರ್ತಿಯಾಗುತ್ತದೆ.

ತಲೆಕೆಳಗಾದ ನೇಗಿಲು ಆ ವಾದಕ್ಕೆ ಬೇಕಿರಲಿಲ್ಲ. ರೈತರು ಕಂದಾಯ ಕೊಡಲಿಲ್ಲ ಎಂದಿದ್ದರೆ ಸಾಕಿತ್ತು. ಅದನ್ನು ಅವನು ಕಲ್ಪಿಸಿದ್ದಾನೆ ಎನ್ನುವುದು ನನಗೆ ಕಷ್ಟವೆನಿಸುತ್ತದೆ. ಯಾರೋ ಹೇಳಿದ್ದಾರೆ, ಅವನು ಬರೆದುಕೊಂಡಿದ್ದಾನೆ. ಹೇಳಿದವರಿಗೆ ಗುಂಡಿಯಷ್ಟೇ ನೇಗಿಲೂ ನೆನಪಿಡತಕ್ಕದ್ದಾಗಿತ್ತು. ಘಟನೆಯ ಮಿಕ್ಕ ವಿವರಗಳು ನಿಜವೋ ಅಲ್ಲವೋ, ನೇಗಿಲನ್ನು ಹೀಗೆ ತೂಗುಹಾಕಿದರೆ ಏನು ಅರ್ಥವೆಂದು ಈ ಸೀಮೆಯ ಜನಕ್ಕೆ ಗೊತ್ತಿತ್ತು ಎಂಬುದಕ್ಕಾದರೂ ಅದು ಸಾಕ್ಷಿ.

ಏನು ಅರ್ಥ? ನಮ್ಮ ಹುಲ್ಲಹಳ್ಳಿಯ ಕಡೆಯ ಓದುಗರಿಗೆ ಯುಗಾದಿಯ ಹೊನ್ನಾರು ಗೊತ್ತಿರುತ್ತದೆ. ಎತ್ತುಗಳನ್ನು ತೊಳೆದು, ನೇಗಿಲು ನೊಗಕ್ಕೆ ಪೂಜೆ ಮಾಡಿ, ಊರವರೆಲ್ಲ ಸೇರಿ ವರ್ಷದ ಮೊದಲ ಸಾಲು ಹೊಡೆಯುವ ಆಚರಣೆ. ಆ ಸಾಲು ಬೀಳುವವರೆಗೆ ವರ್ಷ ಶುರುವಾಗಿಲ್ಲ. ಹೊನ್ನಾರಿನಲ್ಲಿ ನೇಗಿಲ ಮೊನೆ ನೆಲಕ್ಕೆ ಮುಖಮಾಡಿದರೆ, ಮರದ ಮೇಲಿನ ನೇಗಿಲಿನ ಮೊನೆ ಆಕಾಶಕ್ಕೆ ಮುಖಮಾಡಿದೆ. ನನಗೆ ಇದು ಹೊನ್ನಾರನ್ನು ಹಿಂದುಮುಂದು ಮಾಡಿದಂತೆ ಕಾಣುತ್ತದೆ. ಈ ವರ್ಷವನ್ನು ನಾವು ಶುರುಮಾಡುವುದಿಲ್ಲ ಎಂದು ಸಾರುವುದು. ಅದನ್ನು ಮನೆಯ ಹಿತ್ತಿಲಲ್ಲಿ ಅಡಗಿಸಿಡದೆ ಊರ ಬಾಗಿಲಿಗೆ ತಂದದ್ದೂ ಅರ್ಥವುಳ್ಳದ್ದೇ. ಬರುವವನು ಅಮಲ್ದಾರನಾಗಲಿ ಶ್ಯಾನುಭೋಗನಾಗಲಿ ಜಂಗಮನಾಗಲಿ, ಅದರ ಕೆಳಗೆ ಹಾದು ಬರಬೇಕು. ಒಬ್ಬನ ನೇಗಿಲು ತೂಗಿದ್ದರೂ ತೀರ್ಮಾನ ಊರಿನದು. ಯಾರ ಹೆಸರೂ ಅದರ ಮೇಲಿಲ್ಲ. ಅಕ್ಷರ ಬೇಕಿಲ್ಲದ, ಸಹಿ ಬೇಕಿಲ್ಲದ ಮನವಿ ಅದು. ಕತೆಯ ಕೊನೆಯಲ್ಲಿ ದೊರೆ ಹಳ್ಳಿಗಳಿಂದ ಬರೆಸಿಕೊಂಡನೆನ್ನುವ ಪತ್ರಕ್ಕೆ ಎದುರಾಗಿ ಇಟ್ಟು ನೋಡಿದರೆ ಇದರ ತೂಕ ತಿಳಿಯುತ್ತದೆ. ಒಂದು ಕಡೆ ಅರಮನೆಯ ಭಾಷೆ ಕಾಗದ, ಇನ್ನೊಂದು ಕಡೆ ಊರಿನ ಭಾಷೆ ಮರ ಮತ್ತು ನೇಗಿಲು.

ಇಂಥ ಭಾಷೆ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಹದಿನೈದನೆಯ ಶತಮಾನದ ಕೊನೆಗೆ ಜರ್ಮನ್ ಸೀಮೆಯ ರೈತರು ಬಂಡೆದ್ದಾಗ ತಮ್ಮ ಧ್ವಜದ ಮೇಲೆ ಬಿಡಿಸಿದ್ದು ದಾರ ಕಟ್ಟಿದ ರೈತರ ಪಾದರಕ್ಷೆಯನ್ನು. ಕುದುರೆ ಏರುವ ಗೌರವಸ್ಥರ ಬೂಟಿಗೆ ಎದುರಾಗಿ ಹೊಲದ ಕೆಸರಿನ ಜೋಡು. 1525ರಲ್ಲಿ ಅದೇ ಸೀಮೆಯ ರೈತರು ಮೆಮಿಂಗನ್ ಎಂಬ ಊರಿನಲ್ಲಿ 12 ಬೇಡಿಕೆಗಳ ಪಟ್ಟಿ ಮಾಡಿದರು. ಮೊದಲನೆಯದು, ನಮ್ಮ ಪಾದ್ರಿಯನ್ನು ನಾವೇ ಆರಿಸುತ್ತೇವೆ. ಎರಡನೆಯದು, ಬೆಳೆಯ ಹತ್ತನೆಯ ಒಂದು ಪಾಲು ಯಾರಿಗೆ, ಎಷ್ಟು ಸಲ್ಲಬೇಕು ಎಂಬುದು. ಆಮೇಲೆ ಜೀತ, ಕಾಡಿನ ಸೌದೆ, ಹೊಳೆಯ ಮೀನು. ದೇವರ ಮಾತು ಮತ್ತು ಒಲೆಯ ಸೌದೆ ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಕೂತಿವೆ. ಅವನ್ನು ಬಿಡಿಸಿ, ಇದು ಧರ್ಮದ ವಿಷಯ, ಇದು ಹೊಟ್ಟೆಯ ವಿಷಯ ಎಂದು ಬೇರೆ ಮಾಡುವುದು ನಮ್ಮ ಕಾಲದ ಅಭ್ಯಾಸ. ಆ ರೈತರು ಹಾಗೆ ಯೋಚಿಸಿರಲಿಲ್ಲ. ಲೂಥರ್ ಅದೇ ವರ್ಷ ಅವರ ವಿರುದ್ಧ ಕಟುವಾಗಿ ಬರೆದು ಪ್ರಭುಗಳ ಪಕ್ಕ ನಿಂತ. ನಂಜನಗೂಡಿನ ಕತೆಯಲ್ಲಿ ಇದಕ್ಕೆ ವಿರುದ್ಧವಾಗಿ ಧಾರ್ಮಿಕ ನಾಯಕರು ರೈತರ ಪಕ್ಕದಲ್ಲಿದ್ದಾರೆ. ಆದರೆ ಎರಡೂ ಕಡೆ ಪ್ರಶ್ನೆ ಒಂದೇ: ಬೆಳೆದದ್ದರಲ್ಲಿ ಯಾರಿಗೆ ಎಷ್ಟು, ಅದನ್ನು ಹೇಳುವ ಹಕ್ಕು ಯಾರದು?

ಜಂಗಮರು ರೈತರನ್ನು ಎತ್ತಿಕಟ್ಟಿದರು ಎಂಬ ಮಾತನ್ನು ಇಲ್ಲಿ ಪರೀಕ್ಷಿಸಬೇಕು. ವಿಲ್ಕ್ಸ್ ಹೀಗೆಂದೇ ತಿಳಿದಿದ್ದ. ಅವನನ್ನು ಒಪ್ಪುವವರೂ ಒಪ್ಪದವರೂ ಈ ಮಾತನ್ನು ಮಾತ್ರ ಪ್ರಶ್ನಿಸದೆ ಮುಂದುವರಿಸುತ್ತಾರೆ. ಈ ಮಾತಿನಲ್ಲಿ ರೈತ ಯೋಚಿಸುವುದಿಲ್ಲ. ಅವನ ಪರವಾಗಿ ಮಠ ಯೋಚಿಸುತ್ತದೆ, ಅವನ ವಿರುದ್ಧ ಅರಮನೆ ಯೋಚಿಸುತ್ತದೆ. ನೇಗಿಲು ತೂಗುಹಾಕಿದ ಕೈಗಳಿಗೆ ತಲೆಯೇ ಇಲ್ಲ.

ಇದನ್ನು ಬೇರೆ ರೀತಿ ನೋಡಲು ಕಣಕ್ಕೆ ಹೋಗಬೇಕು. ಬೆಳೆ ಒಕ್ಕಿ ರಾಶಿ ಮಾಡಿದ ಮೇಲೆ ಪಾಲು ಹಂಚುತ್ತಿದ್ದದ್ದು ಅಲ್ಲಿಯೇ. ಅರಮನೆಯ ಪಾಲು, ಕಮ್ಮಾರ, ಬಡಗಿ, ಅಗಸ, ತೋಟಿ, ನೀರಗಂಟಿಯರ ಆಯ, ಅಯ್ಯನವರ ಭಿಕ್ಷೆ, ದಾಸಯ್ಯನ ಪಡಿ, ಗ್ರಾಮದೇವತೆಯ ಮೀಸಲು. ಹುಲ್ಲಹಳ್ಳಿಯಂಥ ನಾಲೆಯ ಊರಿನಲ್ಲಿ ಈ ಹಂಚಿಕೆಗೆ ಇನ್ನೊಂದು ಮಡಿಕೆಯಿದೆ. ಕಪಿಲೆಗೆ ಕಟ್ಟಿದ ಹಳೆಯ ಅಣೆಯಿಂದ ಬರುವ ನೀರು ಯಾರ ಗದ್ದೆಗೆ ಎಷ್ಟು ಹೊತ್ತು ಎಂಬುದೇ ಒಂದು ಆಡಳಿತ. ರಾಶಿ ಒಂದೇ, ಪಾಲುದಾರರು ಹಲವರು. ಅರಮನೆ ತನ್ನ ಪಾಲನ್ನು ಹಿಗ್ಗಿಸಿದರೆ ಕುಗ್ಗುವುದು ರೈತನ ಹಗೇವು ಮಾತ್ರವಲ್ಲ, ಕಮ್ಮಾರನ ಮೊರ, ಜಂಗಮನ ಜೋಳಿಗೆ ಎಲ್ಲವೂ ಕುಗ್ಗುತ್ತವೆ. ಜಂಗಮ ಮಗುವಿಗೆ ಲಿಂಗ ಕಟ್ಟುವವನು, ಸತ್ತವರ ಮನೆಗೆ ಬರುವವನು; ಹಾಗೆಯೇ ಅದೇ ರಾಶಿಯ ಒಬ್ಬ ಪಾಲುದಾರ. ಅವನು ರೈತನ ಜೊತೆ ನಿಂತಿದ್ದರೆ ಅದಕ್ಕೆ ಎತ್ತಿಕಟ್ಟುವುದು ಎನ್ನಬೇಕಿಲ್ಲ. ಇಬ್ಬರೂ ಒಂದೇ ಕಣದಲ್ಲಿ ನಿಂತಿದ್ದರು. ನಂಬಿಕೆ ಎನ್ನುವುದು ಹೀಗೆ ಅಳೆದು ಕೊಡುವ ಬಳ್ಳದಲ್ಲಿಯೂ ಇತ್ತು.

ಹಾಗೆಂದು ಊರು ಮಠದ ಮಾತಿಗೆ ತಲೆದೂಗುವ ಕುರಿಮಂದೆಯಾಗಿತ್ತು ಎಂದಲ್ಲ. ಇದಕ್ಕೆ ದೊಡ್ಡ ಸಾಕ್ಷಿ ಈ ಸೀಮೆಯಲ್ಲೇ ಇದೆ. ನಂಜನಗೂಡು, ತಿ. ನರಸೀಪುರ, ಕೊಳ್ಳೇಗಾಲ, ಮಳವಳ್ಳಿಯ ಕಡೆ ನೀಲಗಾರರು ತಂಬೂರಿ ಹಿಡಿದು, ಗಗ್ಗರ ನುಡಿಸುತ್ತ ಹಾಡಿಕೊಂಡು ಬಂದ ಮಂಟೇಸ್ವಾಮಿಯ ಕತೆ. ಅದರಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗುವುದು ಹೊಲಸು ರೂಪದಲ್ಲಿ. ಬಾಗಿಲಲ್ಲಿದ್ದವರು ಮೂಗು ಮುಚ್ಚಿಕೊಂಡು ಅಟ್ಟುತ್ತಾರೆ. ಲಕ್ಷಾಂತರ ಜಂಗಮರು ಉಂಡು ಸುಖವಾಗಿರುವ ಊರಿನಲ್ಲಿ ನಿಜವಾದ ಶರಣ ಎಷ್ಟು ಮಂದಿ ಎಂದು ಅವನು ಪರೀಕ್ಷೆ ಮಾಡುತ್ತಾನೆ. ಬಹುಪಾಲು ಜನ ಸೋಲುತ್ತಾರೆ. ದಲಿತ ಮತ್ತು ಇತರ ದುಡಿಯುವ ಸಮುದಾಯಗಳ ಬಾಯಲ್ಲಿ ಬೆಳೆದ ಈ ಕಾವ್ಯ ಬಸವಣ್ಣನನ್ನು ಗೌರವಿಸುತ್ತದೆ, ಅವನ ಹೆಸರಿನಲ್ಲಿ ಉಣ್ಣುವವರನ್ನು ನಗುತ್ತದೆ. ಮುಂದೆ ಮಂಟೇಸ್ವಾಮಿಯ ಶಿಶುಮಗ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆ ಕೇಳಲು ಹೋಗುತ್ತಾನೆ. ಕಬ್ಬಿಣ ಇದ್ದವರು ಇಲ್ಲವೆನ್ನುತ್ತಾರೆ, ಅವನಿಗೆ ಹಿಂಸೆ ಕೊಡುತ್ತಾರೆ, ಕೊನೆಗೆ ಅವನೇ ಗೆಲ್ಲುತ್ತಾನೆ. ಕಬ್ಬಿಣವೆಂದರೆ ಗುಳ, ಕುಡುಗೋಲು, ಕೊಡಲಿ. ಅದನ್ನು ಕೂಡಿಟ್ಟುಕೊಂಡವನ ಬಾಗಿಲಲ್ಲಿ ದೇವರ ಮಗನೇ ಕೈಯೊಡ್ಡಿ ನಿಲ್ಲಬೇಕಾದ ಲೋಕವದು.

ಈ ಕಾವ್ಯವನ್ನು ನಾವು ಸಾಮಾನ್ಯವಾಗಿ ಪ್ರತಿರೋಧದ ಸಾಹಿತ್ಯ ಎಂದು ಓದುತ್ತೇವೆ. ನಾನೂ ತರಗತಿಗಳಲ್ಲಿ ಹಾಗೆ ಓದಿದ್ದೇನೆ, ಆ ಓದಿನಲ್ಲಿ ಹುರುಳಿದೆ. ಆದರೆ ಪ್ರತಿರೋಧ ಎಂದ ಕೂಡಲೇ ಒಂದು ಕಡೆ ಅಧಿಕಾರ, ಇನ್ನೊಂದು ಕಡೆ ಜನ ಎಂಬ ಗೆರೆ ಬೀಳುತ್ತದೆ. ಮಂಟೇಸ್ವಾಮಿಯ ಲೋಕದಲ್ಲಿ ಆ ಗೆರೆ ಅಷ್ಟು ನೇರವಾಗಿಲ್ಲ. ಗುರುವೇ ಕ್ರೂರವಾಗಿ ಕೇಳುತ್ತಾನೆ, ಹೆತ್ತವರಿಂದ ಮಗನನ್ನೇ ಕೇಳುತ್ತಾನೆ. ಶಿಷ್ಯ ಕೊಡುತ್ತಾನೆ, ಗೊಣಗುತ್ತಾನೆ, ಪ್ರಶ್ನಿಸುತ್ತಾನೆ. ಕೇಳುವುದು, ಕೊಡುವುದು, ಕೊಡದಿರುವುದು, ಈ ಮೂರರ ನಡುವಿನ ಜಗ್ಗಾಟದಲ್ಲಿ ಅಧಿಕಾರವೂ ಭಕ್ತಿಯೂ ಹುಟ್ಟುತ್ತವೆ. ತಲೆಕೆಳಗಾದ ನೇಗಿಲು ಇದೇ ವ್ಯಾಕರಣದ ಮಾತು. ಕೊಡುವವರು ಕೊಡುವುದನ್ನು ನಿಲ್ಲಿಸಿದಾಗ ಕೇಳುವವನ ದೊಡ್ಡಸ್ತಿಕೆ ಏನಾಗುತ್ತದೆ ಎಂದು ಅದು ಕೇಳುತ್ತದೆ. ಮೆನೊಕ್ಕಿಯೊನ ಮಾತು ಪ್ರಶ್ನೆ ಕೇಳಿದ ಅಧಿಕಾರಿಯ ಕಾಗದದಲ್ಲಿ ಉಳಿಯಿತು. ಇಲ್ಲಿಯ ಜನರ ಮಾತು ರಾತ್ರಿಯಿಡೀ ಕೂತು ಕೇಳಿದ ಕೇಳುಗರ ನಡುವೆ ಉಳಿಯಿತು. ಎರಡನ್ನೂ ಒಂದೇ ರೀತಿ ಓದಲಾಗದು. ಅಲ್ಲಿ ಭಯ ಮಾತನ್ನು ತಿದ್ದಿರಬಹುದು, ಇಲ್ಲಿ ಕೇಳುಗರ ಮೆಚ್ಚುಗೆ ತಿದ್ದಿರಬಹುದು. ಆದರೆ ಎರಡನ್ನೂ ಓದದೆ ಆ ಕಾಲದ ಸಾಮಾನ್ಯರ ಯೋಚನೆಗೆ ದಾರಿಯಿಲ್ಲ.

ಅರಮನೆಯೊಳಗಿನ ಸಾಹಿತ್ಯ ಇದಕ್ಕೆ ಏನು ಹೇಳುತ್ತದೆ? ಚಿಕ್ಕದೇವರಾಜರ ಕಾಲ ಕನ್ನಡಕ್ಕೆ ಸಣ್ಣ ಕಾಲವೇನಲ್ಲ. ಮಂತ್ರಿ ತಿರುಮಲಾರ್ಯನ ಕೃತಿಗಳು, ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’, ಸಂಚಿಯ ಹೊನ್ನಮ್ಮನ ‘ಹದಿಬದೆಯ ಧರ್ಮ’ ಎಲ್ಲ ಆಗಿನವೇ. ಇವುಗಳಲ್ಲಿ ನಾನು ಓದಿದ ಮಟ್ಟಿಗೆ ನೇಗಿಲು ತೂಗುಹಾಕಿದ ರೈತ ಕಾಣಿಸಿಲ್ಲ. ಅದು ಅಚ್ಚರಿಯಲ್ಲ. ಆದರೂ ಯಳಂದೂರಿನ ಸೀಮೆಯಿಂದ ಬಂದು ರಾಣಿಯ ಸಂಚಿ ಹಿಡಿದ ಹೊನ್ನಮ್ಮ, ಪತಿವ್ರತೆಯ ಧರ್ಮ ಹೇಳುವ ಕೃತಿಯ ನಡುವೆಯೇ, ಹೆಣ್ಣನ್ನು ಕೀಳೆನ್ನುವವರನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಾಳೆ. ವಿಧೇಯತೆಯ ಪಾಠದೊಳಗೇ ಒಂದು ಕ್ಷಣ ಮಾತು ತಿರುಗಿ ಬೀಳುತ್ತದೆ. ಅರಮನೆಯ ಕಾವ್ಯವನ್ನೂ ನಾವು ಇಂಥ ತಿರುವುಗಳಿಗಾಗಿ ಓದಬೇಕು.

ಅರಮನೆ ತನ್ನ ವಿರುದ್ಧದ ಕತೆಗಳನ್ನೆಲ್ಲ ಅಳಿಸಿತು ಎನ್ನಲೂ ಆಗದು. ತಿ. ನರಸೀಪುರ ತಾಲ್ಲೂಕಿನ ತಲಕಾಡು, ಮಾಲಂಗಿಗಳ ಹೆಸರು ಹಿಡಿದು ಅಲಮೇಲಮ್ಮ ಕೊಟ್ಟಳೆನ್ನುವ ಶಾಪ ಮೈಸೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಆ ಶಾಪವನ್ನು ಅರಮನೆಯೇ ನೆನಪಿಟ್ಟುಕೊಂಡು ಅವಳಿಗೆ ಪೂಜೆ ಸಲ್ಲಿಸುತ್ತ ಬಂದಿದೆ. ರಾಜಮನೆತನದ ಹೆಣ್ಣೊಬ್ಬಳ ಶಾಪಕ್ಕೆ ಹೆಸರಿದೆ, ಮೂಗುತಿಯಿದೆ, ವಿಗ್ರಹವಿದೆ. ಹೆಸರಿಲ್ಲದ ರೈತರ ನೇಗಿಲಿಗೆ ಉಳಿದದ್ದು ಒಬ್ಬ ವಿದೇಶಿ ಅಧಿಕಾರಿಯ ಒಂದೆರಡು ಸಾಲು. ಯಾವ ಅಪರಾಧವನ್ನು ನೆನೆಯುವುದು ಅಧಿಕಾರಕ್ಕೆ ಸಲೀಸು, ಯಾವುದು ಕಷ್ಟ ಎಂಬುದು ಈ ವ್ಯತ್ಯಾಸದಲ್ಲಿದೆ.

ಇದೆಲ್ಲ ಹಳೆಯ ಪುಸ್ತಕದ ವಿಷಯವಾಗಿ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಂಜನಗೂಡಿನ ಕತೆಯನ್ನು ಈಗ ಹೇಳುವಾಗ ಅದು ಬೇಗನೆ ಜಾತಿ, ಮತಗಳ ಲೆಕ್ಕದ ಪುಸ್ತಕವಾಗುತ್ತದೆ. ಮಂತ್ರಿ ವಿಶಾಲಾಕ್ಷ ಪಂಡಿತ ಜೈನ, ಅವನ ನಂತರ ಬಂದ ತಿರುಮಲಾರ್ಯ ಶ್ರೀವೈಷ್ಣವ, ಸತ್ತವರು ಜಂಗಮರು. ಇಷ್ಟು ಹೇಳಿದರೆ ಮುಂದಿನದನ್ನು ಕೇಳುವವರು ತಾವೇ ತುಂಬಿಸಿಕೊಳ್ಳುತ್ತಾರೆ. ಮುನ್ನೂರು ವರ್ಷದ ಹಿಂದಿನ ಒಬ್ಬ ಮಂತ್ರಿಯ ಲೆಕ್ಕವನ್ನು ಇಂದಿನ ಪಕ್ಕದ ಮನೆಯವರಿಂದ ವಸೂಲಿ ಮಾಡುವ ಮಾತು ಶುರುವಾಗುತ್ತದೆ. ಅದಕ್ಕೆ ಉತ್ತರವಾಗಿ ಕತೆಯೇ ಸುಳ್ಳೆಂದು ಇನ್ನೊಂದು ಗುಂಪು ಹೇಳುತ್ತದೆ. ಈ ಎರಡೂ ಮಾತುಗಳಲ್ಲಿ ತೆರಿಗೆ ಇಲ್ಲ, ಕಣ ಇಲ್ಲ, ಉಳುವವನಿಲ್ಲ. ಯಾವ ಮತದವನಾದರೂ ಕಟ್ಟಬೇಕಿದ್ದ ಹುಲ್ಲಿನ ತೆರಿಗೆ ಯಾರ ನೆನಪಿನಲ್ಲೂ ಇಲ್ಲ. ಗುಂಡಿಯಿಂದ ಓದಿದರೆ ಕತೆ ಮತಗಳ ಜಗಳವಾಗುತ್ತದೆ. ನೇಗಿಲಿನಿಂದ ಓದಿದರೆ ಅದು ಪಾಲಿನ ಜಗಳ, ಅದರಲ್ಲಿ ನಂಬಿಕೆಗೂ ಒಂದು ಪಾಲಿತ್ತು ಎಂದು ತಿಳಿಯುತ್ತದೆ. ಸತ್ತವರ ಬಗೆಗಿನ ದುಃಖವನ್ನು ಈ ಓದು ಕಡಿಮೆ ಮಾಡುವುದಿಲ್ಲ. ಅವರು ಯಾವ ಮಾತಿಗಾಗಿ ಸತ್ತರೆಂದು ಕತೆ ಹೇಳುತ್ತದೋ ಆ ಮಾತನ್ನು ಮರಳಿ ಕೇಳಿಸುತ್ತದೆ.

ಈ ಸೀಮೆಯ ಸಾಹಿತ್ಯ, ಚರಿತ್ರೆ ಓದುವ ಗೆಳೆಯರಿಗೆ ಇಲ್ಲಿ ಕೆಲಸ ಬಹಳವಿದೆ. ಮನೆಗಳ ಅಟ್ಟದಲ್ಲಿ ಮಡಿಕೆ ಮಡಿಕೆಯಾಗಿ ಇರುವ ಕಡತಗಳು, ಕೈಫಿಯತ್ತುಗಳು, ನೀಲಗಾರರ ಹಾಡು, ಹೊನ್ನಾರಿನ ಆಚರಣೆ, ನಾಲೆಯ ನೀರು ಹಂಚುವ ವಾಡಿಕೆ, ಇವನ್ನು ಬೇರೆ ಬೇರೆ ವಿಭಾಗದವರ ಸ್ವತ್ತೆಂದು ಬಿಡದೆ ಒಟ್ಟಿಗೆ ಇಟ್ಟುಕೊಂಡು ಓದಬೇಕು. ಹಾಗೆ ಓದುವವರು ಗಿನ್ಜ್‌ಬರ್ಗನನ್ನೊ ಡೇವಿಸಳನ್ನೊ ನಕಲು ಮಾಡಬೇಕಾಗಿಲ್ಲ; ಅವರಿಗೆ ಸಿಕ್ಕ ಕಡತ ನಮಗೆ ಸಿಗುವುದೂ ಇಲ್ಲ. ಅವರಿಂದ ಒಂದು ಅಭ್ಯಾಸ ಮಾತ್ರ ಪಡೆದರೆ ಸಾಕು. ದೊಡ್ಡ ಘಟನೆಯ ಕಡೆಗೆ ಓಡುವ ವಾಕ್ಯದಲ್ಲಿ, ಬರೆದವನು ಅವಸರದಿಂದ ಬಿಟ್ಟುಹೋದ ವಸ್ತುವಿನ ಬಳಿ ನಿಂತು, ಇದನ್ನು ಇಲ್ಲಿ ಇಟ್ಟವರು ಯಾರು ಎಂದು ಕೇಳುವುದು.